ಗೊತ್ತಿದ್ದರೂ ಕೇಳಬೇಕು

ಮೊನ್ನೆ ಮಗಳಿಗೆ ಕನ್ನಡಕ ಮಾಡಿಸಲೆಂದು ರಾಯಚೂರಿಗೆ ಹೋಗಿದ್ದೆ. ಅಂಗಡಿಯವನು ಒಂದು ತಾಸು ಬಿಟ್ಟು ಬರ್ರಿ ಅಂದ. ರಾಯಚೂರಿನ ಬಿಸಿಲಿನಲ್ಲಿ ಒಂದು ತಾಸು ಕಳೆಯುವುದೆಂದರೆ ನೆರಳಿನಿಂದ ನೆರಳಿಗೆ ಸರಿಯುತ್ತಾ ಹೋಗುವುದು. ಹಾಗೆ ಸರಿಯುತ್ತಾ ಒಂದು ಸಂದಿ ಹೊಕ್ಕೆವು. ಅಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನೊಬ್ಬ ಅಂಗಡಿಯ ಮುಂದೆ ಒಲೆ ಹಚ್ಚಿ ಮೈದಾ ಅಂಟು ಕುದಿಸುತ್ತಿದ್ದ. ಹುಳ ಹತ್ತಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಒಂದಿಷ್ಟು ಹುಳಿ, ಒಂದಿಷ್ಟು ತಾಮ್ರ ಬೆರೆತಂಥ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಕಾಲು ನಿಂತುಬಿಟ್ಟವು.

“ಯಾಕವ್ವಾ, ಏನಾತು?” ಅಂದಳು ಮಗಳು.

“ಏನಿಲ್ಲ, ನಡಿ” ಅಂದೆ. ಅಂದೆನೇ ಹೊರತು ನಡೆಯಲಿಲ್ಲ.

ಆ ವಾಸನೆ ಅಂದರೆ ನನಗೆ ಸುವರ್ಣಕ್ಕ. ನನ್ನ ಒಡಹುಟ್ಟಿದ ಅಕ್ಕ. ನಾನು ಎರಡನೇ ಪಿಯುಸಿ ಓದಿದ ವರ್ಷ ಅವಳು ಬಿ.ಎಡ್. ಮಾಡುತ್ತಿದ್ದಳು. ದೇವದುರ್ಗದಿಂದ ದಿನಾ ಬಸ್ಸು ಹತ್ತಿ ಬಂದು ಹೋಗುವುದು ಆಗದ ಮಾತೆಂದು ಅಪ್ಪ ನಮ್ಮಿಬ್ಬರಿಗೆ ರಾಯಚೂರಿನಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದುಕೊಟ್ಟಿದ್ದ. ಕಲ್ಲು ಚಪ್ಪಡಿಯ ಮಾಳಿಗೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಸಂಜೆಯಾದ ಮೇಲೆ ನಮ್ಮ ತಲೆಯ ಮೇಲೆ ಇಳಿಸುತ್ತಿತ್ತು. ಮಗ್ಗುಲಲ್ಲೇ ಶಕ್ತಿನಗರ, ಊರಿಗೆಲ್ಲ ಕರೆಂಟು ಕೊಡುವ ಜಾಗ. ನಮ್ಮ ಕೋಣೆಯ ಫ್ಯಾನು ಮಾತ್ರ ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತಿತ್ತು. ಅಕ್ಕ ಒದ್ದೆ ಮಾಡಿದ ಸೀರೆಯೊಂದನ್ನು ಕಿಟಕಿಗೆ ಇಳಿಬಿಟ್ಟು, ಅದರ ಕೆಳಗೆ ಅಂಗಾತ ಮಲಗಿ, ಕಾದಂಬರಿ ಓದುತ್ತಿದ್ದಳು. ಮಂಜಿನ ಊರಿನ ಕಾದಂಬರಿ.

ಎಲ್ಲವೂ ಮಂಜಿನ ಊರಿನವೇ. ನಾಯಕನಿಗೆ ಎಸ್ಟೇಟು ಇರುತ್ತಿತ್ತು, ನೀಳ ಮೂಗಿರುತ್ತಿತ್ತು, ಮೂಗಿನ ತುದಿಯಲ್ಲಿ ಸಿಟ್ಟಿರುತ್ತಿತ್ತು. ನಾಯಕಿಗೆ ತಂದೆ ತಾಯಿ ಇರುತ್ತಿರಲಿಲ್ಲ, ಸ್ವಾಭಿಮಾನ ಇರುತ್ತಿತ್ತು. ಮೊದಲ ಭೇಟಿಯಲ್ಲಿ ಜಗಳ. ನಡುವೆ ಒಬ್ಬಳು ಲಿಪ್‌ಸ್ಟಿಕ್ಕಿನ ಅತ್ತೆಮಗಳು, ಒಂದು ತಪ್ಪು ತಿಳಿವಳಿಕೆ, ಒಂದು ಮಳೆ, ಕೆಟ್ಟು ನಿಂತ ಒಂದು ಕಾರು. ಮಳೆಯಲ್ಲಿ ನೆಂದ ನಾಯಕಿಗೆ ಜ್ವರ. ಜ್ವರದ ಮಂಚದ ಪಕ್ಕದಲ್ಲಿ ನಾಯಕ. ಬೆಳಗಾಗುವ ಹೊತ್ತಿಗೆ ಜ್ವರ ಇಳಿದು, ಹಕ್ಕಿ ಕೂಗಿ, ಅವನು ಸಿಟ್ಟೆಲ್ಲ ಬಿಟ್ಟು ಅವಳ ಕೈ ಹಿಡಿದು ಕೇಳುತ್ತಿದ್ದ: ನನ್ನನ್ನು ಮದುವೆಯಾಗುತ್ತೀಯಾ. ಅಷ್ಟೇ. ಒಂದು ಓದಿದರೆ ನೂರು ಓದಿದ ಹಾಗೆ. ಅಕ್ಕ ನೂರೂ ಓದುತ್ತಿದ್ದಳು.

ಪುಸ್ತಕ ತರುತ್ತಿದ್ದದ್ದು ಚಾಚಾನ ಅಂಗಡಿಯಿಂದ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡು ಹೋಗುತ್ತಿದ್ದ ಕಾಲ ಅದು. ಮುದುಕ ಚಾಚಾನದು ಒಂದೇ ಉಳಿದಿತ್ತು. ಹರಿದುಹೋದ ಪುಸ್ತಕಕ್ಕೆ ಅವನೇ ಸಿಮೆಂಟು ಚೀಲದ ಕಂದು ಕಾಗದ ಹಚ್ಚಿ, ಅದೇ ಮೈಲುತುತ್ತದ ಅಂಟಿನಿಂದ ಬಿಗಿ ಮಾಡುತ್ತಿದ್ದ. ಹೊರಗೆ ಎಲ್ಲದಕ್ಕೂ ಒಂದೇ ಬಣ್ಣ, ಒಳಗೆ ಎಲ್ಲದರಲ್ಲೂ ಒಂದೇ ಕತೆ. ಹಾಗಾಗಿ ಓದಿದ್ದು ಯಾವುದು, ಓದಬೇಕಾದ್ದು ಯಾವುದು ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಅದಕ್ಕೆ ಹೆಂಗಸರು ಒಂದು ಉಪಾಯ ಮಾಡಿಕೊಂಡಿದ್ದರು. ಓದಿ ಮುಗಿಸಿದ ಪುಸ್ತಕದಲ್ಲಿ ತಮ್ಮದೊಂದು ಗುರುತು ಬಿಡುವುದು. ಒಬ್ಬಳು ಮೊದಲ ಪುಟದ ಮೂಲೆಯಲ್ಲಿ ಹೂ ಬರೆಯುತ್ತಿದ್ದಳು, ಇನ್ನೊಬ್ಬಳು ಕುಂಕುಮ ಒತ್ತುತ್ತಿದ್ದಳು. ಚಾಚಾ ಕಂಡೂ ಕಾಣದ ಹಾಗೆ ಇರುತ್ತಿದ್ದ. ಅಕ್ಕನ ಗುರುತು ಕಾಡಿಗೆಯ ಚುಕ್ಕೆ. ಅದನ್ನು ಅವಳು ಎಲ್ಲಿ ಇಡುತ್ತಾಳೆಂದು ನಾನು ಆಗ ನೋಡಿರಲಿಲ್ಲ.

ಒಂದು ದಿನ ನಾನು ಅವಳನ್ನು ಕೆಣಕಿದೆ. “ಅಲ್ಲಕ್ಕಾ, ಕೊನೀಗೆ ಏನಾಗ್ತದಂತ ಗೊತ್ತೇ ಅದ. ಮತ್ಯಾಕ ಓದ್ತಿ?”

“ಗೊತ್ತದ ಅಂತನ ಓದೋದು” ಅಂದಳು. “ಕೊನಿ ಗೊತ್ತಿದ್ರ ಹೆದರಿಕಿ ಇರಂಗಿಲ್ಲ. ಆಕಿ ಅಳಾಕತ್ರೂ ನಾ ಆರಾಮ ಇರ್ತೀನಿ.” ಪುಟ ತಿರುಗಿಸಿ, “ಮತ್ತ ಅವ ಕೇಳ್ತಾನಲ್ಲ, ಅದು ನನಗ ಬೇಕು” ಅಂದಳು.

ಅವಳನ್ನು ಯಾರೂ ಕೇಳಿರಲಿಲ್ಲ. ನಮ್ಮ ಕಡೆ ಹೆಣ್ಣು ಹುಟ್ಟಿದರೆ ಸೋದರಮಾವನ ಪಾಲು ಅನ್ನುತ್ತಾರೆ. ಸುವರ್ಣಕ್ಕ ತೊಟ್ಟಿಲಲ್ಲಿದ್ದಾಗಲೇ ಅಜ್ಜಿ, ಅಂದರೆ ನಮ್ಮ ಅವ್ವನ ತಾಯಿ, ಮಾನ್ವಿಯಿಂದ ಹಸಿರು ಕುಬಸ ತಂದು ಹೊದಿಸಿ, ಇದು ನಮ್ಮ ಅಮರೇಶನ ಹೆಣ್ಣು ಅಂದಿದ್ದಳಂತೆ. ಅಮರೇಶಮಾಮ ಅವ್ವನ ಕೊನೆಯ ತಮ್ಮ. ಆಗ ಅವನಿಗಿನ್ನೂ ಚಡ್ಡಿ ನಿಲ್ಲುತ್ತಿರಲಿಲ್ಲ. ಅವನನ್ನೂ ಯಾರೂ ಕೇಳಿರಲಿಲ್ಲ ಬಿಡಿ. ನೆರೆಯವರು, ನೆಂಟರು, ಮಾಸ್ತರು ಎಲ್ಲರೂ ಅಕ್ಕನನ್ನು ಮಾನ್ವಿಯ ಸೊಸೆ ಎಂದೇ ಮಾತಾಡಿಸುತ್ತಿದ್ದರು. ಅವಳಿಗೆ ಮಾಮ ಬೇಡ ಅಂತಲ್ಲ. ಮಾಮ ಅಂದರೆ ಅವಳ ಮುಖ ಅರಳುತ್ತಿತ್ತು. ಆದರೆ ತನ್ನನ್ನು ಕೊಟ್ಟಿದ್ದಾರೆ, ಕೇಳಿಲ್ಲ ಅನ್ನುವುದು ಅವಳೊಳಗೆ ಮುಳ್ಳಿನ ತುದಿ ಮುರಿದು ಉಳಿದಂತೆ ಉಳಿದಿತ್ತು.

ಮಾಮ ಮಾನ್ವಿಯಲ್ಲಿ ಅಕ್ಕಿ ಮಿಲ್ಲು ನಡೆಸುತ್ತಿದ್ದ. ರಾಯಚೂರಿಗೆ ಬಂದಾಗಲೆಲ್ಲ ನಮ್ಮ ಕೋಣೆಗೆ ಒಂದು ಚೀಲ ಅಕ್ಕಿ ಹೊತ್ತು ತರುತ್ತಿದ್ದ. ಮೆಟ್ಟಿಲು ಹತ್ತಿ, ಚೀಲ ಇಳಿಸಿ, “ಅಕ್ಕಿ ಇಟ್ಟೀನಿ” ಅನ್ನುತ್ತಿದ್ದ, ನಮಗೆ ಕಣ್ಣಿಲ್ಲವೇನೋ ಅನ್ನುವ ಹಾಗೆ. ನೀರು ಕುಡಿದು ಇಳಿದುಹೋಗುತ್ತಿದ್ದ. ಅಕ್ಕ ಅವನಿಗೆ ಅಕ್ಕಿಚೀಲದ ಹೀರೋ ಎಂದು ಹೆಸರಿಟ್ಟಿದ್ದಳು.

ಶ್ರಾವಣದಲ್ಲಿ ಒಮ್ಮೆ ಬಂದಾಗ ಅಕ್ಕ ಅವನ ಕೈಗೊಂದು ಕಾದಂಬರಿ ಕೊಟ್ಟಳು. “ಓದು ಮಾಮ. ಓದಿ ಹೆಂಗದ ಹೇಳು.” ಅವನು ಔಷಧಿ ಚೀಟಿ ತೆಗೆದುಕೊಂಡ ಹಾಗೆ ತೆಗೆದುಕೊಂಡು ಹೋದ. ಮುಂದಿನ ಸಲ ಪುಸ್ತಕದ ತುಂಬ ತೌಡು. ಮಿಲ್ಲಿನಲ್ಲಿ ಕೂತು ನಿಜವಾಗಿ ಓದಿದ್ದ.

“ಹೆಂಗದ?” ಅಂದಳು ಅಕ್ಕ. ಅವಳ ದನಿ ಸಣ್ಣಗಾಗಿತ್ತು.

“ಛಲೋ ಅದ. ಆದ್ರ ಆ ಎಸ್ಟೇಟಿನಾವ ಒಂದು ದಿನಾನೂ ಕೆಲಸಕ್ಕ ಹೋಗಂಗಿಲ್ಲಲ್ಲ. ಆಳುಗಳನ್ನ ನೋಡಾವ್ರು ಯಾರು?”

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಮಾಮ ತಲೆ ಕೆರೆದುಕೊಂಡು ಇನ್ನೊಂದು ಮಾತು ಸೇರಿಸಿದ. “ಇಬ್ಬರೂ ಲಗ್ನ ಆಗ್ತಾರಂತ ಮೊದಲನೇ ಪುಟದಾಗ ಗೊತ್ತಾತು. ಮತ್ತ ಅವ ಕೊನೀಗೆ ಯಾಕ ಕೇಳ್ತಾನ?”

“ಕೇಳಬೇಕು ಮಾಮ” ಅಂದಳು ಅಕ್ಕ. “ಗೊತ್ತಿದ್ರೂ ಕೇಳಬೇಕು.”

ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಖಾಲಿ ಚೀಲ ಮಡಚಿ ಬಗಲಲ್ಲಿ ಇಟ್ಟುಕೊಂಡು ಇಳಿದುಹೋದ. ಅವನಿಗೆ ಅರ್ಥವಾಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಅವನು ಮಾತಿಗೆ ಬಡವ. ಭತ್ತದ ತೇವ ಎಷ್ಟಿದೆ ಎಂದು ಹಲ್ಲಿನಲ್ಲಿ ಕಚ್ಚಿ ಹೇಳುವವನಿಗೆ ಎದುರಿನ ಮನುಷ್ಯರ ಮುಖ ಓದುವುದು ಕಷ್ಟವಾಗುತ್ತಿತ್ತು.

ದಸರೆಯ ಮುಂದೆ ದೇವದುರ್ಗದಲ್ಲಿ ನಿಶ್ಚಯ ಆಯಿತು. ಅಜ್ಜಿ ತಂದ ಹಸಿರು ಇಳಕಲ್ ಸೀರೆ ಉಟ್ಟು ಅಕ್ಕ ಹಸೆಮಣೆಯ ಮೇಲೆ ಕೂತಳು. ಹಿರಿಯರು ಹಿರಿಯರನ್ನು ಕೇಳಿದರು, ಹಿರಿಯರು ಹಿರಿಯರಿಗೆ ಹೂಂ ಅಂದರು. ಸುಗ್ಗಿ ಮುಗಿಸಿ ಲಗ್ನ ಅಂತ ಮಾತಾಯಿತು. ಅಕ್ಕ ಒಳಗೆ ಬಂದು ನನ್ನ ಕಿವಿಯಲ್ಲಿ, “ಸುಗ್ಗಿತನಾ ಟೈಮ್ ಅದ. ಅಷ್ಟರಾಗ ಕೇಳ್ತಾನ ನೋಡು” ಅಂದಳು. ಅವಳಿಗೆ ಅದೊಂದು ಪಂದ್ಯವಾಗಿತ್ತು. ಅವನು ಕೇಳದೆ ತಾಳಿ ಕಟ್ಟಿದರೆ ತನ್ನ ಬಾಳೆಲ್ಲ ಬೇರೆ ಯಾರದೋ ಮಾತಿನ ಮೇಲೆ ನಡೆದಂತೆ ಎಂದು ಅವಳು ನಂಬಿದ್ದಳು.

ಕಾರ್ತೀಕದಲ್ಲಿ ಅವಳಿಗೆ ಜ್ವರ ಬಂತು. ಊರಲ್ಲೆಲ್ಲ ಸೊಳ್ಳೆ, ಓಣಿಗೆ ಇಬ್ಬರು ಮೂವರು ಮಲಗಿದ್ದರು. ನಾನೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡೆಂಗಿ ಅಂದರು, ಮಲಗಿಸಿಕೊಂಡರು, ಬಾಟಲಿ ಏರಿಸಿದರು. ಅವ್ವ ಅಪ್ಪ ದೇವದುರ್ಗದಿಂದ ಬಂದರು. ಅಕ್ಕನ ಕೈಯಲ್ಲಿ ಚಾಚಾನ ಪುಸ್ತಕ ಇತ್ತು. ಕಣ್ಣು ಉರಿಯುತ್ತದೆ ಎಂದು ನನಗೆ ಓದಲು ಹೇಳಿದಳು. ನಾಯಕಿ ಮಳೆಯಲ್ಲಿ ನೆಂದು ಮಂಚ ಹಿಡಿದಿದ್ದಳು. ಅಷ್ಟಕ್ಕೇ ಅಕ್ಕ ಕೈ ಎತ್ತಿ ತಡೆದಳು. “ಸಾಕು. ಮುಂದಿಂದು ನನಗ ಗೊತ್ತದ.”

ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಆಗ ಒಂದು ಚೂರೂ ಹೆದರಿಕೆ ಆಗಲಿಲ್ಲ. ಅವ್ವ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು, ಅಪ್ಪ ವಾರ್ಡಿನ ಬಾಗಿಲಲ್ಲಿ ನಿಂತು ಬಂದ ಡಾಕ್ಟರರಿಗೆಲ್ಲ ಕೈ ಮುಗಿಯುತ್ತಿದ್ದ. ಇವರು ಯಾಕೆ ಹೀಗೆ ಮಾಡುತ್ತಾರೆ ಎಂದು ನನಗೆ ಬೇಸರವಾಗುತ್ತಿತ್ತು. ಜ್ವರ ಅಂದರೆ ಕತೆ ಮುಗಿಯಲು ಬಂತು, ಇನ್ನು ಒಳ್ಳೆಯದೇ ಆಗುತ್ತದೆ ಎಂದು ಆ ವರ್ಷ ಅಕ್ಕ ಓದಿ ಹೇಳಿದ ಪುಸ್ತಕಗಳೆಲ್ಲ ನನಗೆ ಹೇಳಿಕೊಟ್ಟಿದ್ದವು. ಆ ಪುಸ್ತಕಗಳನ್ನು ನಾನು ಬೈಯುವುದಿಲ್ಲ. ಆದರೆ ಆ ಧೈರ್ಯ ಇವತ್ತು ನೆನಪಾದರೆ ಮೈ ಜುಮ್ಮೆನ್ನುತ್ತದೆ.

ಮಾಮ ಬಂದ. ಮಿಲ್ಲಿಗೆ ಹೊಸ ಭತ್ತ ಬಂದು ಬೀಳುವ ದಿನಗಳು ಅವು. ಹುಬ್ಬಿನ ಮೇಲೆ ತೌಡು, ಅಂಗಿಯ ಮೇಲೆ ತೌಡು, ಹಾಗೆಯೇ ಎದ್ದು ಬಂದಿದ್ದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಕೂತವನು ಮಧ್ಯಾಹ್ನ ಪೂರ್ತಿ ಏಳಲಿಲ್ಲ. ಅಕ್ಕನ ಮುಖದಲ್ಲಿ ಆ ಜ್ವರದಲ್ಲೂ ಒಂದು ಗೆಲುವಿತ್ತು. ನನ್ನ ಕಡೆ ತಿರುಗಿ, ನೋಡಿದೆಯಾ ಅನ್ನುವ ಹಾಗೆ ಹುಬ್ಬು ಹಾರಿಸಿದಳು. ಆಮೇಲೆ ಅವನಿಗೆ ಅಂದಳು, “ಮಾಮ, ಈಗ ಕೇಳು.”

ಅವನಿಗೆ ಅರ್ಥವಾಗಿತ್ತು. ಶ್ರಾವಣದಲ್ಲೇ ಅರ್ಥವಾಗಿತ್ತೆಂದು ಆಗ ನನಗೆ ತಿಳಿಯಿತು, ಯಾಕೆಂದರೆ ಅವನ ಕಿವಿ ಕೆಂಪಾದವು. ಅಪ್ಪನನ್ನು ನೋಡಿದ, ಅವ್ವನನ್ನು ನೋಡಿದ, ಪಕ್ಕದ ಮಂಚದವರು ಬಾಳೆಹಣ್ಣು ಸುಲಿಯುತ್ತಾ ಇತ್ತಲೇ ನೋಡುತ್ತಿದ್ದುದನ್ನು ನೋಡಿದ.

“ಮನಿಗೆ ಹೋದ ಮ್ಯಾಲೆ ಕೇಳ್ತೀನೇಳು” ಅಂದ ಮೆಲ್ಲಗೆ. “ಇಲ್ಲಿ ಮಂದಿ ಅದಾರ.”

ಅಕ್ಕ ನಕ್ಕಳು. ಸಿಟ್ಟಾಗಲಿಲ್ಲ. ಕೇಳುತ್ತೇನೆ ಅಂದನಲ್ಲ, ಅಷ್ಟೇ ಅವಳಿಗೆ ಹಬ್ಬವಾಯಿತು. ಹಾಗೆ ನಗುತ್ತಲೇ ಕಣ್ಣು ಮುಚ್ಚಿದಳು. ಮರುದಿನ ಬೆಳಿಗ್ಗೆ ಜ್ವರ ಇಳಿಯಿತು. ನಾನು ಅವ್ವನಿಗೆ, ನೋಡು, ನಾ ಹೇಳಿರಲಿಲ್ಲೇನು ಅಂದೆ. ಆ ಜ್ವರ ಇಳಿದ ಮೇಲೇ ಅಪಾಯ ಎಂದು ಡಾಕ್ಟರು ಹೇಳಿದ್ದು ನಮ್ಮ ತಲೆಗೆ ಹೋಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಕೈಕಾಲು ತಣ್ಣಗಾದವು. ಸಂಜೆಯೊಳಗೆ ಹೋಗಿಬಿಟ್ಟಳು.

ದೇವದುರ್ಗದ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ಅಜ್ಜಿ ಹಟ ಹಿಡಿದು ಆ ನಿಶ್ಚಯದ ಸೀರೆಯನ್ನೇ ಉಡಿಸಿದಳು. ಮಾಮ ಎಲ್ಲರಿಗಿಂತ ದೂರ, ಬದುವಿನ ಮೇಲೆ ನಿಂತಿದ್ದ. ಅವನ ತುಟಿ ಅಲುಗುತ್ತಿತ್ತು. ಮಂತ್ರ ಹೇಳಿಕೊಳ್ಳುತ್ತಿದ್ದಾನೆ ಅಂದುಕೊಂಡರು ಮಂದಿ. ನಾನು ಹಾಗೆ ಅಂದುಕೊಳ್ಳಲಿಲ್ಲ.

ದಿನಗಳಾದ ಮೇಲೆ ಪರೀಕ್ಷೆಗೆಂದು ಮತ್ತೆ ರಾಯಚೂರಿನ ಕೋಣೆಗೆ ಬಂದೆ. ಜೊತೆಗೆ ಅವ್ವ ಇದ್ದಳು. ಅರ್ಧ ಓದಿದ ಪುಸ್ತಕವನ್ನು ಹಿಂದಿರುಗಿಸಲು ಹೋದರೆ ಚಾಚಾ, “ಅಕ್ಕಾ ಎಲ್ಲಿ ಬೇಟಾ, ಭಾಳ ದಿನ ಆತು ಬಂದಿಲ್ಲ” ಅಂದ. ಹೇಳಿದೆ. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ, “ನಿನಗೆ ಯಾವುದು ಬೇಕೋ ಒಯ್ಯಿ” ಅಂದ.

ನಾನು ಕಪಾಟಿನಿಂದ ಒಂದು ತೆಗೆದೆ. ಮೊದಲ ಪುಟದಲ್ಲಿ ಯಾರದೋ ಹೂ, ಯಾರದೋ ಕುಂಕುಮ. ಅಕ್ಕನ ಚುಕ್ಕೆ ಇರಲಿಲ್ಲ. ಇದನ್ನು ಅವಳು ಓದಿಲ್ಲ ಅಂದುಕೊಂಡು ಒಯ್ದು ಓದಿದೆ. ಅವನು ಕೈ ಹಿಡಿದು ಕೇಳುವ ಪುಟಕ್ಕೆ ಬಂದಾಗ, ಆ ಸಾಲಿನ ಪಕ್ಕದಲ್ಲೇ, ಕಾಡಿಗೆಯ ಚುಕ್ಕೆ. ಬೆರಳಿನ ಗೆರೆ ಕೂಡ ಕಾಣುತ್ತಿತ್ತು. ಇನ್ನೊಂದು ತಂದೆ. ಅಲ್ಲಿಯೂ ಅದೇ ಜಾಗ. ಆ ಚಳಿಗಾಲವೆಲ್ಲ ಅರ್ಥಶಾಸ್ತ್ರದ ಪುಸ್ತಕದ ಕೆಳಗೆ ಇಟ್ಟುಕೊಂಡು ಓದಿದೆ. ಯಾವುದನ್ನು ತೆಗೆದರೂ ಅವಳು ನನಗಿಂತ ಮುಂಚೆ ಅಲ್ಲಿಗೆ ಬಂದು, ಆ ಸಾಲಿನ ಹತ್ತಿರ ಕೂತು, ಎದ್ದು ಹೋಗಿದ್ದಳು. ಪುಟ ತಿರುಗಿಸುವಾಗ ಪಕ್ಕದಲ್ಲಿ ಯಾರೋ ಉಸಿರು ಹಿಡಿದು ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಹೆದರಿಕೆ ಆಗುತ್ತಿತ್ತು, ಬಿಡಲೂ ಆಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಹೇಗೋ ಪಾಸಾದೆ.

ವರುಷ ತುಂಬಿದ ಮೇಲೆ ಅಜ್ಜಿ ದೇವದುರ್ಗಕ್ಕೆ ಬಂದು ಕೂತಳು. ಸಂಬಂಧ ಬಿಡಬಾರದು, ಹಿರಿಯವಳು ಹೋದರೆ ಕಿರಿಯವಳು ಇದ್ದಾಳಲ್ಲ ಅಂದಳು. ಅವ್ವ ಕಣ್ಣೊರೆಸಿಕೊಂಡು ಒಪ್ಪಿದಳು. ಅಪ್ಪನೂ ಒಪ್ಪಿದ. ನಾನು ಒಳಗಿನಿಂದಲೇ ಅಂದೆ, “ಮಾಮ ಬಂದು ನನ್ನ ಕೇಳಲಿ.”

“ಕೇಳೋದೇನದ ಬೇ, ಊರಿಗೆಲ್ಲ ಗೊತ್ತದ” ಅಂದಳು ಅಜ್ಜಿ.

“ಗೊತ್ತಿದ್ರೂ ಕೇಳಲಿ.”

ನನ್ನ ಬಾಯಿಂದ ಬಂದ ದನಿ ನನ್ನದಾಗಿರಲಿಲ್ಲ. ಅವ್ವ ಬೆಚ್ಚಿ ನನ್ನ ಮುಖ ನೋಡಿದಳು. ಅಕ್ಕನೇ ಮಾತಾಡಿದಳೆಂದು ನನಗೂ ಅನ್ನಿಸಿತ್ತು.

ಮಾಮ ಬಂದ. ನಾನು ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದೆ. ಅವ್ವ, ಅಜ್ಜಿ, ಪಕ್ಕದ ಮನೆಯ ಹೆಂಗಸರು ಎಲ್ಲ ಅಲ್ಲೇ ಇದ್ದರು. ಅಷ್ಟು ಮಂದಿಯ ನಡುವೆ ನನ್ನೆದುರು ಬಂದು ನಿಂತ. ಈ ಸಲ ಅವನು ಯಾರನ್ನೂ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ನನ್ನ ಭುಜದ ಆಚೆ, ಖಾಲಿ ಗೋಡೆಯನ್ನು ನೋಡುತ್ತಾ, ಎಂದೋ ಬಾಯಿಪಾಠ ಮಾಡಿಕೊಂಡವನಂತೆ ಗಟ್ಟಿಯಾಗಿ ಕೇಳಿದ. “ನನ್ನ ಲಗ್ನ ಆಗ್ತೀಯೇನು?”

ನನ್ನ ಕೈಯಲ್ಲಿದ್ದ ಶೇಂಗಾ ಹಾಗೆಯೇ ಉಳಿಯಿತು. “ಯಾರನ್ನ ಕೇಳಾಕತ್ತೀ ಮಾಮ?” ಅಂದೆ.

ಅವನು ಅಲ್ಲೇ ನೆಲದ ಮೇಲೆ ಕೂತ. ಒಂದು ಶೇಂಗಾ ಕೈಗೆ ತೆಗೆದುಕೊಂಡು ಅಂದ, “ಆಕೀನೂ ಕೇಳೀನಿ, ನಿನ್ನೂ ಕೇಳೀನಿ. ಬ್ಯಾರೆ ಬ್ಯಾರೆ ಮಾಡಾಕ ನನಗ ಬರಂಗಿಲ್ಲ ಗಿರಿಜಾ. ನೀ ಬ್ಯಾಡಂದ್ರ ಬ್ಯಾಡ. ಯವ್ವಗ ನಾ ಹೇಳ್ತೀನಿ.”

ಅಷ್ಟು ಪುಸ್ತಕಗಳಲ್ಲಿ ಯಾವ ನಾಯಕನೂ ಹೀಗೆ ಹೇಳಿರಲಿಲ್ಲ. ನೀನೊಬ್ಬಳೇ ನನ್ನ ಮನಸ್ಸಿನಲ್ಲಿ ಇರುವುದು ಅನ್ನುತ್ತಿದ್ದರು ಅವರೆಲ್ಲ. ಮಾಮನೂ ಹಾಗೆ ಅಂದಿದ್ದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ನನಗೆ ಅವನ ಮೇಲೆ ಪ್ರೀತಿ ಗೀತಿ ಏನೂ ಇರಲಿಲ್ಲ ಆಗ. ಆದರೆ ಅಕ್ಕನನ್ನು ನನ್ನಷ್ಟೇ ಹೊತ್ತುಕೊಂಡಿರುವ ಇನ್ನೊಂದು ಜೀವ ಭೂಮಿಯ ಮೇಲೆ ಅವನೊಬ್ಬನೇ ಅನ್ನಿಸಿತು. “ಆಗ್ತೀನಿ” ಅಂದೆ.

ಲಗ್ನದ ದಿನ ತಾಳಿಯ ಜೊತೆಗೆ ಅಜ್ಜಿ ನನ್ನ ಕೊರಳಿಗೆ ಹೆಣ್ಣಿನ ರೂಪ ಕೊರೆದ ಒಂದು ಸಣ್ಣ ಬೆಳ್ಳಿ ಬಿಲ್ಲೆ ಕಟ್ಟಿದಳು. ಮೊದಲ ಹೆಂಡತಿ ತೀರಿಕೊಂಡಿದ್ದರೆ ಎರಡನೆಯವಳು ಅವಳ ಹೆಸರಿನಲ್ಲಿ ಕಟ್ಟಿಕೊಳ್ಳುವಂಥದು. ಲಗ್ನವೇ ಆಗಿರಲಿಲ್ಲವಲ್ಲ ಎಂದು ಅವ್ವ ಅತ್ತಳು. “ನಿಶ್ಚಯದ ಸೀರಿ ಉಟ್ಟು ಹೋಗ್ಯಾಳ. ಹಿರೇಕಿ ಆಕೀನ” ಅಂದಳು ಅಜ್ಜಿ. ನಾನು ತಕರಾರು ಮಾಡಲಿಲ್ಲ. ಇವತ್ತಿಗೂ ಮನೆಗೆ ಹೊಸ ಸೀರೆ ಬಂದರೆ ಮೊದಲು ಕೊರಳಿನ ಬಿಲ್ಲೆ ಬಿಚ್ಚಿ ಅದರ ಮುಂದೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಉಡುತ್ತೇನೆ. ನನ್ನ ಪೆಟ್ಟಿಗೆಯ ಎಲ್ಲ ಸೀರೆಗಳನ್ನೂ ಅವಳು ನನಗಿಂತ ಮುಂಚೆ ಉಟ್ಟಿದ್ದಾಳೆ.

ಈಗ ಅಂಥ ಕತೆಗಳು ಫೋನಿನಲ್ಲಿ ಬರುತ್ತವೆ. ಎಸ್ಟೇಟಿನ ಸಾಹುಕಾರ ಹೋಗಿ ಕಂಪನಿಯ ಮಾಲೀಕ ಬಂದಿದ್ದಾನೆ, ಮೂಗು ಮಾತ್ರ ಅದೇ. ಮಧ್ಯಾಹ್ನ ಮಿಲ್ಲಿನ ಸದ್ದು ಕೇಳುತ್ತಾ ನಾನು ಓದುತ್ತೇನೆ. ಓದಿದರೆ ಹಾಯೆನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಕೊನೆ ಗೊತ್ತಿರುವ ಜಾಗ ಅದೊಂದೇ. ಅವನು ಕೇಳುವ ಸಾಲು ಬರುತ್ತಲೇ ಗಾಜಿನ ಮೇಲೆ ನನ್ನ ಕಣ್ಣು ಏನನ್ನೋ ಹುಡುಕುತ್ತದೆ.

ಮಾಮ ಒಳ್ಳೆಯ ಗಂಡ. ಆ ದಿನದಿಂದ ಅವನಿಗೆ ಎಲ್ಲವನ್ನೂ ಕೇಳುವ ರೂಢಿ ಆಗಿಬಿಟ್ಟಿದೆ. ಮಿಲ್ಲಿಗೆ ಹೋಗಲೇನು, ದೀಪ ಆರಿಸಲೇನು, ಮಗಳನ್ನು ಸಾಲಿಗೆ ಬಿಟ್ಟು ಬರಲೇನು. ನೆಂಟರು ನಗುತ್ತಾರೆ, ಹೆಂಡತಿಗೆ ಹೆದರುತ್ತಾನೆ ಅನ್ನುತ್ತಾರೆ. ಅವನು ಕೇಳುತ್ತಾನೆ, ನಾನು ಹೂಂ ಅನ್ನುತ್ತೇನೆ. ಹೂಂ ಅಂದ ಮೇಲೂ ಅವನು ಇನ್ನೊಂದು ಗಳಿಗೆ ನಿಂತೇ ಇರುತ್ತಾನೆ, ಇನ್ನೊಬ್ಬರು ಹೇಳುವುದು ಬಾಕಿ ಇದೆ ಅನ್ನುವ ಹಾಗೆ. ನಾನೂ ಅವನನ್ನು ಅವಸರ ಮಾಡುವುದಿಲ್ಲ.